ಕಪ್ಪು ಕೊಳ್ಳಲು ಹೋದದ್ದು

ಜೂನ್ ತಿಂಗಳಲ್ಲಿ ಕತ್ತಲೆ ಕೊಳ್ಳಲು ಹೊರಟವನು
ಇಡೀ ಕಿರುನಾ ಪಟ್ಟಣದಲ್ಲಿ ನನ್ನ ಗಂಡನೊಬ್ಬನೇ ಇರಬೇಕು.

ಹಳೆಯ ಟೀವಿಗೆ ಹೊಸ ಮನೆಯಲ್ಲಿ ಗೋಡೆ ಸಿಗಲಿಲ್ಲ.
ಗಣಿ ಕೆಳಗಿನಿಂದ ನಮ್ಮ ಬೀದಿಯನ್ನು ತಿನ್ನುತ್ತ ಬಂತು,
ಊರನ್ನೇ ಎತ್ತಿ ಆಚೆಗಿಟ್ಟರು.
ಅಗೆದವರಲ್ಲಿ ಇವನೂ ಒಬ್ಬ; ದೂರುವುದು ಯಾರನ್ನು?
ಮಂಚಕ್ಕೂ ಕಿಟಕಿಗೂ ನಡುವೆ ಉಳಿದದ್ದು ಒಂದು ಮೇಜು.
ಮೇಜಿಗೆ ಮಾನಿಟರ್ ಸಾಕು, ಎಂದಳು ತಂಗಿ ಮಗಳು ಸೀರಿ.
ಹಾಕಿ ಪಂದ್ಯ ಅದರಲ್ಲೇ, ಸಿನಿಮಾ ಅದರಲ್ಲೇ,
ನನ್ನ ಕೊಲೆ ಪತ್ತೆಯ ಧಾರಾವಾಹಿಯೂ ಅದರಲ್ಲೇ.

ಅಂಗಡಿಯಲ್ಲಿ ಇಪ್ಪತ್ತೆರಡು ಪರದೆ,
ಇಪ್ಪತ್ತೆರಡರಲ್ಲೂ ಅದೇ ಗಿಣಿ, ಅದೇ ಹವಳದ ದಿಬ್ಬ,
ಅದೇ ಕಿತ್ತಳೆಯನ್ನು ಸೀಳುವ ಅದೇ ಚಾಕು.
ಮೂಗಿಗೆ ಬಳೆಯಂಥ ಉಂಗುರ ಹಾಕಿದ್ದ ತೂವಾ
ಇಂಚು, ಪಿಕ್ಸೆಲ್, ಹರ್ಟ್ಸ್ ಎಂದು
ಅರಳು ಹುರಿದ ಹಾಗೆ ಮಾತಾಡಿದಳು.
‘ಗಿಣಿ ತೆಗಿ,’ ಎಂದ ಹೆನ್ನಿಂಗ್.
‘ಮತ್ತೇನು ತೋರಿಸಲಿ?’
‘ಕಪ್ಪು.’
‘ಕಪ್ಪು ಎಂದರೆ, ರಾತ್ರಿಯ ದೃಶ್ಯವೇ?’
‘ದೃಶ್ಯ ಬೇಡ. ಕಪ್ಪು.’

ಹುಡುಗಿ ಎಲ್ಲೋ ಹುಡುಕಿ
ಏನೂ ಇಲ್ಲದ ಒಂದು ಚಿತ್ರವನ್ನು
ಇಪ್ಪತ್ತೆರಡಕ್ಕೂ ಒಟ್ಟಿಗೆ ಕಳಿಸಿದಳು.
ಆಗ ಗೊತ್ತಾಯಿತು, ಒಂದೂ ಇನ್ನೊಂದರ ಹಾಗಿಲ್ಲ.
ಒಂದು ಇದ್ದಿಲು ತೊಳೆದ ನೀರು.
ಒಂದು ಬಿಸಿಲಿಗೆ ನರೆತ ಕೊಡೆ.
ಒಂದರ ಮೂಲೆಯಲ್ಲಿ ಬೆಳಕು ಸೋರುತ್ತಿತ್ತು,
ಪಕ್ಕದ ಕೋಣೆಯಲ್ಲಿ ಯಾರೋ ಎಚ್ಚರವಿರುವ ಹಾಗೆ.
ಮೀನಿನ ಕಿವಿರು ಎತ್ತಿ ನೋಡುವವನಂತೆ
ಮೂಗು ತಾಗಿಸಿ ತಾಗಿಸಿ ನೋಡಿದ:
ಬೂದಿ. ಇದೂ ಬೂದಿ. ಇದು ನೀಲಿ.

ಆಮೇಲೆ ಆ ಹುಡುಗಿಗೆ ಹೇಳಿದ,
ಮೂವತ್ತೊಂಬತ್ತು ವರ್ಷ ನನಗೆ ಹೇಳದೆ ಇದ್ದದ್ದನ್ನು:
‘ಮೊದಲ ವಾರ, ಕೆಳಗೆ, ಮೇಸ್ತ್ರಿ ದೀಪ ಆರಿಸಲು ಹೇಳಿದ.
ಎಲ್ಲರೂ ಆರಿಸಿದೆವು.
ಕೈಯನ್ನು ಮುಖದ ಮುಂದೆ ತಂದೆ.
ಕೈ ಬರಲಿಲ್ಲ.’

ತೂವಾ ಏನೂ ಅನ್ನದೆ ಕೊನೆಯ ಪರದೆಯ ಬಳಿ ಕರೆದೊಯ್ದಳು.
ಇದರಲ್ಲಿ ಹಿಂದಿನಿಂದ ದೀಪವಿಲ್ಲ,
ಒಂದೊಂದು ಚುಕ್ಕಿಯೂ ತಾನೇ ಉರಿದು ತಾನೇ ಆರುತ್ತದೆ, ಎಂದಳು.
ಬೆಲೆ ಹನ್ನೊಂದು ಸಾವಿರ ಕ್ರೋನ.
ಹೆನ್ನಿಂಗ್ ಅದರ ಮುಂದೆ ಕೈ ಹಿಡಿದು ನಿಂತ.
ನಿಂತೇ ಇದ್ದ.

ನನಗೆ ಅದರಲ್ಲಿ ಕಂಡದ್ದು
ಅಂಗಡಿಯ ಟ್ಯೂಬ್‌ಲೈಟು, ಬಾಗಿಲು, ನನ್ನ ಕೈಚೀಲ,
ಬಾಗಿಲಾಚೆ ಸಂಜೆ ಏಳರಲ್ಲಿ ನಡುಮಧ್ಯಾಹ್ನದಂಥ ಬಿಸಿಲು.
ಕನ್ನಡಿಯಷ್ಟು ಹೊಳಪು!
‘ಜುಲೈವರೆಗೆ ನಮ್ಮ ಕಿಟಕಿಯಿಂದ ಸೂರ್ಯ ಕದಲುವುದಿಲ್ಲ,’ ಎಂದೆ,
‘ಕೊಲೆಗಾರನ ಬದಲು ನಾವಿಬ್ಬರೇ ಕಾಣುತ್ತೇವೆ ಇದರಲ್ಲಿ.’
ಹೇಳಬಾರದಿತ್ತೇನೋ.
ಅವನು ಕೈ ಇಳಿಸಿದ.

ಕೊಂಡದ್ದು ನಾಲ್ಕನೆಯದನ್ನು:
ಇಪ್ಪತ್ತೇಳು ಇಂಚು, ಹೊಳಪಿಲ್ಲದ ಮೈ, ಬೂದಿ.
ಸ್ಪೀಕರ್ ಇಲ್ಲ ಎಂದು ಮನೆಗೆ ಬಂದ ಮೇಲೆ ತಿಳಿಯಿತು;
ಸೀರಿ ತನ್ನದೊಂದು ಹಳೆಯದನ್ನು ಕೊಟ್ಟಳು, ಡಬ್ಬಿಯೊಳಗಿಂದ ಕೆಮ್ಮುವಂಥದ್ದು.

ರಾತ್ರಿ ಹನ್ನೊಂದು. ಮೇಜಿನ ಮೇಲೆ ಬಿಸಿಲು.
ಧಾರಾವಾಹಿಯಲ್ಲಿ ಒಬ್ಬ ನೆಲಮಾಳಿಗೆಗೆ ಇಳಿಯುತ್ತಿದ್ದ.
ಎಲ್ಲ ಬೆಳ್ಳಗೆ, ಮಂಜಿನಲ್ಲಿ ಹಾಲು ಚೆಲ್ಲಿದ ಹಾಗೆ.
‘ಯಾರದು?’ ಎಂದೆ.
ಹೆನ್ನಿಂಗ್ ಎದ್ದ. ಗೂಟದಿಂದ ಚಳಿಗಾಲದ ದೊಡ್ಡ ಕೋಟು ತೆಗೆದು
ಎರಡೂ ಕೈ ಚಾಚಿ ಕಿಟಕಿಗೆ ಅಡ್ಡ ಹಿಡಿದ,
ಬೆನ್ನು ಪರದೆಗೆ.
‘ಈಗ?’
ಈಗ ಮೆಟ್ಟಿಲು ಕಂಡಿತು, ಕಬ್ಬಿಣದ ಕಂಬಿ, ಒಂದು ಬೂಟು.
‘ನೀನು ನೋಡುವುದು ಬೇಡವೇ?’
‘ಹೇಳುತ್ತ ಹೋಗು. ಕೈಯಲ್ಲಿ ದೀಪ ಇದೆಯಾ ಅವನಿಗೆ?’
‘ಇದೆ.’
‘ಆರಿಸಿದರೆ ಹೇಳು,’ ಎಂದ
ತೋಳು ನಡುಗುತ್ತಿದ್ದರೂ ಕೋಟು ಇಳಿಸದೆ.