ಚುಕ್ಕಿ ಬಾಕಿ

ವಿದ್ಯಾಪೀಠಕ್ಕ ಐವತ್ತು ತುಂಬಿತಂತ.
ಹೊಳಪಿನ ಹಾಳಿಯ ಪುಸ್ತಕದಾಗ ಬರದಾರ:
ಈ ಬೋಳು ಗುಡ್ಡದ ಮ್ಯಾಲೆ ಮೊದಲು ಏನೂ ಇರಲಿಲ್ಲ.

ಏನೂ ಇರಲಿಲ್ಲ ಅನ್ನೂದು ನಮ್ಮ ಖಣಿ.
ನಮ್ಮವ್ವ ಬುಟ್ಟಿ ಹೊತ್ತು ಹತ್ತಿ ಇಳದು
ಹತ್ತಿ ಇಳದು ಆದ ತಗ್ಗು.
ಈಗ ಅದರಾಗ ನೀಲಿ ಫರಸಿ ಹಾಸಿ ನೀರು ಬಿಟ್ಟಾರ,
ಹುಡುಗೂರು ಈಜತಾವ.

ಪುಣೆ ಮುನಸಿಪಾಲ್ಟಿಯವರು
ವರ್ಷಕ್ಕ ಒಂದು ರೂಪಾಯಿಯಂಗ
ತೊಂಬತ್ತೊಂಬತ್ತು ವರ್ಷ ಬರಕೊಟ್ಟರು.
ಕೊಟ್ಟಾವರು ಮಹಾಪೌರ ದಾದಾಸಾಹೇಬ ಢಮಢೇರೆ.
ತಗೊಂಡಾವರು ಸಂಸ್ಥಾಪಕ ಅಧ್ಯಕ್ಷರು,
ಅವರ ಹೆಂಡತಿಯ ಅಣ್ಣ.
ಆ ಒಂದು ರೂಪಾಯಿ
ಮನಿ ಬಿಟ್ಟು ಹೊರಗ ಹೋಗಲೇ ಇಲ್ಲ.

ಅಡಿಗಲ್ಲು ಕೊರದಾಂವ ನಮ್ಮಪ್ಪ,
ವಡಾರವಾಡಿಯ ಹುಲಗಪ್ಪ.
ಓದಾಕ ಬರತಿರಲಿಲ್ಲ ಅವಗ.
ಹಾಳಿ ಮ್ಯಾಲಿನ ಗೆರಿ ನೋಡಿ
ಬಳ್ಳಿ ಕೊರದಂಗ ಹೆಸರು ಕೊರೀತಿದ್ದ.
ನಾ ಬಾಜೂಕ ಕುಂತು
ಉಳಿ ಎದ್ದ ಜಾಗಕ್ಕ ಬೆರಳಿಟ್ಟು ಕಲತೆ:
ಢಮಢೇರೆಯ ಢ,
ಆಮ್ಯಾಲೆ ಬಂದ ಥಿಟೆಯವರ ಥ,
ಸ್ಥಾಯೀ ಸಮಿತಿಯ ಝಗಡೆಯ ಝ.
ಸಾಲಿಗೆ ಹಾಕಿದ ದಿನ ಮಾಸ್ತರು ಗಾಬರಿ:
ಕಠಿಣ ಅಕ್ಷರ ಎಲ್ಲಾ ಬರತಾವ,
'ಘರ' ಅಂತ ಬರಿ ಅಂದ್ರ ಬರೂದಿಲ್ಲ ಈ ಹುಡುಗಿಗೆ.

ಪಕ್ಷ ಬದಲಾತು. ಕಲ್ಲು ಮಗಚಿ
ಬೆನ್ನಿಗೆ ಹೊಸ ಹೆಸರು ಹಾಕಸಿದ್ರು.
ಮತ್ತ ಬದಲಾತು. ಕಲ್ಲಿಗೆ ಮೂರನೇ ಮಾರಿ ಎಲ್ಲಿಂದ ತರಬೇಕು?
ಕ್ಯಾಂಟೀನಿನ ಹಿಂದ ಒಗದ್ರು.
ಇಪ್ಪತ್ತೆರಡು ವರ್ಷ ಅದರ ಮ್ಯಾಲೆ
ನಾ ಪಾತ್ರಿ ತಿಕ್ಕೀನಿ.
ಸಬಕಾರದ ನೊರಿ ಮೊದಲು ಢ ದಾಗ ನಿಲ್ಲತದ,
ಹರದು ಹೋಗೂದು ಕಡೀಕ.

ಒಂದು ಮಾತು ಪುಸ್ತಕದಾಗ ಇಲ್ಲ.
'ಸಂಸ್ಥಾಪಕ'ದ ತಲಿ ಮ್ಯಾಲಿನ ಚುಕ್ಕಿ
ಅಪ್ಪ ಮರತುಬಿಟ್ಟಿದ್ದ.
ಅಧ್ಯಕ್ಷರು ಕೂಲಿಯಾಗ ಇಪ್ಪತ್ತು ರೂಪಾಯಿ ಮುರಕೊಂಡ್ರು.
ತಿದ್ದಿ ಕೊಡತೀನ್ರಿ ಸಾಹೇಬ್ರ, ಅಂದ.
ಮಂತ್ರಿ ಬರೂ ಹೊತ್ತಾತು, ಸರಿ ಅತ್ಲಾಗ, ಅಂದ್ರು.

ಮೊನ್ನೆ ಕೋಟು ತೊಟ್ಟಾವ ಒಬ್ಬ ಹುಡುಕ್ಯಾಡಕೋತ ಬಂದ:
ಮೊದಲನೇ ಅಡಿಗಲ್ಲು ಪ್ರದರ್ಶನಕ್ಕ ಬೇಕಂತ.
ನೀರು ಹೊಡದು ತೋರಿಸಿದೆ.
ಬಗ್ಗಿ ಓದಿದ, ಹುಬ್ಬು ಗಂಟಿಕ್ಕಿದ,
ಚುಕ್ಕಿ ಒಂದು ಹೋಗೇತಲ್ಲ ಬಾಯಿ, ಅಂದ.

ಹೋಗಿಲ್ರಿ. ಬಾಕಿ ಅದ.
ಅಪ್ಪನ ಉಳಿ ಮನಿಯಾಗ ಅದ,
ಒಂದು ಪೆಟ್ಟಿನ ಕೆಲಸ.
ಇಪ್ಪತ್ತು ರೂಪಾಯಿ ಮೊದಲು ತರ್ರಿ.
ಬಡ್ಡಿ ಬ್ಯಾಡ.