ಸೋಫಿಯಾದಲ್ಲಿ ಒಂದು ದಿನ

ಹಳದಿ ಇಟ್ಟಿಗೆಯ ಬೀದಿ ತೇವಕ್ಕೆ ಜಾರುತ್ತದೆಂದು
ಯೊರ್ದಾಂಕಾ ಹೇಳಿದ್ದು ಜಾರಿದ ಮೇಲೆ.
ನಕ್ಕೆವು. ಅವಳೂ ನಕ್ಕಳು, ಕೂತಲ್ಲೇ.

ವಿದಿನ್‌ನಿಂದ ರಾತ್ರಿ ರೈಲಿಗೆ ಬಂದ ಮೂವರು ನಾವು.
ಚಿನ್ನದ ಗುಮ್ಮಟ ನೋಡಿ ಆಯಿತು,
ಒಳಗಿನ ಮೇಣದ ಹೊಗೆ, ಪಿಸುಮಾತು ಕೂಡ.
ವೆಲ್ಕೊ ಬಿಚ್ಚಿ ಮಡಿಸಿ ಬಿಚ್ಚಿದ ನಕ್ಷೆಯಲ್ಲಿ
ನಾವು ನಿಂತ ಬೀದಿಯೇ ಸವೆದುಹೋಗಿತ್ತು.

ಮೂರನೆಯ ಮ್ಯೂಸಿಯಂ ಬಾಗಿಲಲ್ಲಿ
ನನ್ನ ಹಿಮ್ಮಡಿ ಮುಷ್ಕರ ಹೂಡಿತು.

ಹಳೆಯ ಸ್ನಾನಗೃಹದ ಹತ್ತಿರ
ಬಿಸಿನೀರಿನ ನಲ್ಲಿಗಳ ಸಾಲು.
ಕ್ಯಾನು ತುಂಬಿಸುತ್ತಿದ್ದ ಮುದುಕನೊಬ್ಬ
ನಮ್ಮ ಬೂಟುಗಳನ್ನು ನೋಡಿ,
"ಊರು ಎಲ್ಲಿಗೂ ಓಡಿಹೋಗಲ್ಲ,
ಮೊದಲು ಕುಡೀರಿ" ಎಂದ.

ಬೊಗಸೆಯೊಡ್ಡಿದೆವು. ಸ್ವಲ್ಪ ತುಕ್ಕಿನ ರುಚಿ,
ಆಗಷ್ಟೇ ಬಿಟ್ಟ ಕೈಯ ಬಿಸುಪು.

ವಾಪಸು ರೈಲಿನಲ್ಲಿ ಫೋಟೋ ಎಣಿಸಿದರೆ ನೂರಾ ಹನ್ನೆರಡು.
ಆ ನೀರಿನದು ಒಂದೂ ಇಲ್ಲ.
ಕೈ ಬಿಡುವಿರಲಿಲ್ಲ ಯಾರದೂ.