ಟೆಸ್ಟ್ ಡ್ರೈವ್

ಎತ್ತು ಕೊಳ್ಳಾಕ ಹೋದ್ರ ಹಲ್ಲು ನೋಡ್ತೀವಿ,
ಸುಳಿ ನೋಡ್ತೀವಿ, ಗೊರಸು ಎತ್ತಿ ನೋಡ್ತೀವಿ.
ಗಾಡಿಗೆ ಹಲ್ಲಿಲ್ಲ. ಹಂಗಾಗಿ ಕೆಳಗ ಬಗ್ಗಿ
ಗೇಣಿಲೆ ಅಳದೆ.
ನೆಲಕ್ಕೂ ಹೊಟ್ಟಿಗೂ ನಡುವ ಒಂದು ಗೇಣು, ಬರೋಬ್ಬರಿ.

'ಎರಡ್ನೂರ ಇಪ್ಪತ್ತಾರು ಮಿಲಿಮೀಟರ್, ಮೇಡಂ' ಅಂದ
ನವನಗರದ ಶೋರೂಮಿನ ಹುಡುಗ. ಕೊರಳಾಗ ಟೈ,
ಎದಿ ಮ್ಯಾಲ ಹೆಸರು: ನಿಂಗರಾಜ ಅಂಬಿಗೇರ.

ಹೊರಗ ನನ್ನ ಜಿಪ್ಸಿ ನಿಂತಿತ್ತು,
ಬೆಳಗಾವಿಯ ಮಿಲಿಟರಿ ಲಿಲಾವಿನಾಗ ಹಿಡದದ್ದು.
ಹಸಿರಿನ ಮ್ಯಾಲ ನಾ ಬಳಿಸಿದ ಬಿಳಿ,
ಬಿಳಿ ಕೆರದಲ್ಲೆಲ್ಲ ಮತ್ತ ಹಸಿರು.
ಹದಿನಾರು ವರ್ಷ ಅದರಾಗ ನನ್ನ ಔಷಧದ ಪೆಟ್ಟಿಗಿ, ಹಗ್ಗ, ಗಮ್‌ಬೂಟು,
ಒಮ್ಮೆ ಕಾಲು ಮುರದ ಕುರಿ, ಒಮ್ಮೆ ಕುರಿಯ ಒಡೆಯ.
ಈಗ ಸೆಕೆಂಡ್ ಗೇರು ಹಾಕಿದ್ರ
ಹಲ್ಲು ಕಡೀತೈತಿ, ನಿದ್ದ್ಯಾಗ ಕೂಸು ಕಡದಂಗ.

ತಿಂಗಳಿಂದ ಮಂದಿ ಗಾಡಿ ನೋಡಾಕತ್ತೀನಿ.
ಜಿಮ್ನಿ ಹಗುರ, ಮ್ಯಾಕಿ ಹಂಗ ಬೇಕಾದಲ್ಲಿ ಹತ್ತತೈತಿ,
ಖರೆ, ಹಿಂದ ಒಂದು ಕರ ಮಲಗಿಸಿದ್ರ
ಪೆಟ್ಟಿಗಿ ನನ್ನ ತೊಡಿ ಮ್ಯಾಲ.
ಕ್ಯಾಂಪರ್ ಎಮ್ಮಿ. ಹೊರತೈತಿ, ದೂರಂಗಿಲ್ಲ,
ಖಾಲಿ ಇದ್ದಾಗ ಮಾತ್ರ ಬೆನ್ನೆಲುಬು ಎಣಿಸಿ ಕೊಡತೈತಿ.
ಥಾರ್ ಗೂಳಿ. ತಾ ಗೂಳಿ ಅಂತ ಗೂಳಿಗೆ ಗೊತ್ತೈತಿ,
ಅದ ನನಗ ಕಿರಿಕಿರಿ.
ನನ್ನ ಗಂಡ ಬ್ಯಾಂಕಿನಾಂವ. ಅವ ಬಡ್ಡಿ ಅಷ್ಟ ನೋಡಿದ.

ನಿಂಗರಾಜ ಕೀಲಿಕೈ ಕೊಟ್ಟು
'ಬೈಪಾಸಿನಾಗ ಎರಡು ಕಿಲೋಮೀಟರ್' ಅನ್ನೂದ್ರಾಗ
ಫೋನು. ಹಿನ್ನೀರಿನ ದಂಡಿಯಿಂದ ಹುಸೇನಬಿ ನದಾಫ:
'ಬಾಯಾರ, ಎಮ್ಮಿ ಮುಂಜಾನಿಂದ ತಿಣಕಾಕತ್ತೈತಿ.
ಒಂದ ಕಾಲು ಹೊರಗ.'

ಜಿಪ್ಸಿ ನೋಡಿದೆ. ಥಾರ್ ನೋಡಿದೆ.
ಪೆಟ್ಟಿಗಿ ಎತ್ತಿ ಹಿಂದಿನ ಸೀಟಿನ ಪ್ಲಾಸ್ಟಿಕ್ ಮ್ಯಾಲ ಒಗದೆ.
'ಮೇಡಂ, ಎರಡು ಕಿಲೋಮೀಟರ್ ಅಷ್ಟ...'
'ಕೂಡ್ರು.'

ಮೇ ತಿಂಗಳು. ಹೊಳಿ ಹಿಂದ ಸರದು
ಯಾವಾಗೋ ನುಂಗಿದ ರಸ್ತೆ ಕಕ್ಕಿತ್ತು.
ಅಲ್ಲಲ್ಲಿ ಡಾಂಬರಿನ ತುಣುಕು,
ಅಂಕಿ ಅಳಿಸಿದ ಒಂದು ಮೈಲಿಗಲ್ಲು.
ಸುತ್ತಿ ಹೋದ್ರ ನಲವತ್ತು ನಿಮಿಷ, ಹಿಂಗ ಹತ್ತು.
ಮ್ಯಾಲ ಹಪ್ಪಳದಂಗ ಒಣಗಿ ಬಿರಕು ಬಿಟ್ಟ ಎರಿ,
ಒಳಗ ಇನ್ನೂ ಅಂಬಲಿ.

ನಿಂಗರಾಜ ಮೊದಲು ಅಂಕಿ ಹೇಳಾಕತ್ತಿದ್ದ,
ನೀರಾಗ ಇಷ್ಟು ಆಳ, ಏರಿನಾಗ ಇಷ್ಟು ಡಿಗ್ರಿ.
ಆಮ್ಯಾಲ ಸುಮ್ಮನಾದ.
ಆಮ್ಯಾಲ ಟೈ ಸಡಲ ಮಾಡಿ, ಕಿಡಕಿಯಿಂದ ತಲಿ ಹೊರಗ ಹಾಕಿ,
'ಎಡಕ್ಕ. ಇನ್ನೂ ಎಡಕ್ಕ. ಬಲಕ್ಕ ಮೋರಿ ಕುಸದೈತಿ.
ಇಲ್ಲೊಂದು ಬೇವಿನ ಬೊಡ್ಡಿ ಇರಬೇಕಲ್ಲ...'

ಇತ್ತು.

'ಇದರ ಮುಂದ ಗಟ್ಟಿ ನೆಲ. ನಮ್ಮ ಅಜ್ಜನ ಹರಗೋಲು
ಇಲ್ಲೇ ಕಟ್ಟತಿದ್ರು.'
'ನೀ ನೋಡೀಯೇನು?'
'ನಾ ಹುಟ್ಟೂದ್ರಾಗ ಎಲ್ಲಾ ನೀರಾಗಿತ್ತು, ಮೇಡಂ.
ಅಪ್ಪ ಕುಡದಾಗ ದಾರಿ ಹೇಳತಿದ್ದ.
ದಿನಾ ಅದ ದಾರಿ.'

ಲೋ ಗೇರಿನಾಗ ಗಾಡಿ ತೆವಳಿತು,
ಮೂಗಿಗೆ ಹಗ್ಗ ಬಿದ್ದ ಗೂಳಿ
ಮೊದಲ ಸಲ ಮಾತು ಕೇಳಿದಂಗ.

ಭುಜದ ತನಕ ಕೈ ಹಾಕಿ, ಮಡಚಿದ ಇನ್ನೊಂದು ಕಾಲು ಹುಡುಕಿ
ನೆಟ್ಟಗ ಮಾಡೂದ್ರಾಗ ಹೊತ್ತು ಇಳೀತು.
ಹಗ್ಗದ ತುದಿ ನಿಂಗರಾಜ ಹಿಡದಿದ್ದ.
ನಾ ಎಳಿ ಅಂದಾಗ ಎಳದ, ಬಿಡು ಅಂದಾಗ ಬಿಟ್ಟ.
'ಹೆಣ್ಣು' ಅಂದ್ಲು ಹುಸೇನಬಿ,
ಗೋಣಿಚೀಲದಿಂದ ಒರಸತಾ, ನಮ್ಮ ಕಡೆ ನೋಡದ.

ವಾಪಸ್ ಬರೂವಾಗ ಸೀಟಿನ ಪ್ಲಾಸ್ಟಿಕ್ ಹರದಿತ್ತು.
ಅವ ಟೈ ಬಿಚ್ಚಿ ಸ್ಟೇರಿಂಗ್ ಒರಸಿದ.
ಮ್ಯಾನೇಜರಗ ಏನ ಹೇಳೂದು ಅಂತ ಇಬ್ಬರೂ ಯೋಚನಿ ಮಾಡಿದ್ವಿ,
ಏನೂ ಹೊಳೀಲಿಲ್ಲ.

'ಕೊಟೇಶನ್ ಕಳಸ್ಲಿ, ಮೇಡಂ?'
'ಕಳಸು. ಆ ದಾರೀನೂ ಬರದ ಕೊಡು,
ಮೋರಿ, ಬೊಡ್ಡಿ, ಎಲ್ಲಾ.'
ಬರದ, ಕ್ಯಾಟಲಾಗಿನ ಕಡೀ ಪುಟದ ಹಿಂದ,
ಅಂಕಿಗಳ ಬೆನ್ನಿಗೆ.

ಜುಲೈದಾಗ ಹೊಳಿ ತುಂಬಿತು.
ಗಾಡಿ ಇನ್ನೂ ತಗೊಂಡಿಲ್ಲ. ಹಾಳಿ
ಜಿಪ್ಸಿಯ ಗಾಜಿಗೆ ಸಿಗಿಸೀನಿ.
ಸೆಕೆಂಡ್ ಗೇರು ಹಾಕಿದ್ರ ಅದೂ ನಡಗತೈತಿ.